ಸಿಪ್ಪೆಯ ಬಯೋ ಎನ್‌ಜೈಮೋ, ಕರಿದ ಎಣ್ಣೆಯ ಸೋಪೋ?

ಹಣ್ಣಿನ ಸಿಪ್ಪೆ ಹುಳಿ ಬರಿಸಿ ಮಾಡುವ ಕ್ಲೀನಿಂಗ್ ದ್ರವ, ಅಂದರೆ ಬಯೋ ಎನ್‌ಜೈಮ್ ಮಾಡಲೋ, ಕರಿದು ಉಳಿದ ಎಣ್ಣೆಯಿಂದ ಸೋಪು ಮಾಡಲೋ ಅಂತ ಕೇಳಿದ್ದೀರಲ್ಲ, ಮನೆಯಲ್ಲಿ ಯಾವ ಕಸ ಜಾಸ್ತಿ ಅಂತ ಮೊದಲು ನೋಡಿ.

ಖರ್ಚು ಎರಡಕ್ಕೂ ಕಡಿಮೆಯೇ. ಎನ್‌ಜೈಮ್‌ಗೆ 1 ಪಾಲು ಬೆಲ್ಲ, 3 ಪಾಲು ಮೂಸಂಬಿ, ನಿಂಬೆ ಸಿಪ್ಪೆ, 10 ಪಾಲು ನೀರು, ಅಷ್ಟೇ. ಆದರೆ 3 ತಿಂಗಳು ಕಾಯಬೇಕು, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡದಿದ್ದರೆ ಬಾಟಲಿ ಉಬ್ಬಿ ಒಡೆಯಬಹುದು, ಹಾಗಾಗಿ ಗಾಜಿನದು ಬೇಡ. ನೆಲಕ್ಕೆ, ಸಿಂಕ್‌ಗೆ ಚೆನ್ನಾಗಿದೆ. ಹುಳಿ ಇರುವುದರಿಂದ ಮಾರ್ಬಲ್‌ಗೆ ಮಾತ್ರ ಬೇಡವೇ ಬೇಡ.

ಸೋಪು 4ರಿಂದ 6 ವಾರದಲ್ಲಿ ರೆಡಿ, ಪಾತ್ರೆಯ ಜಿಡ್ಡಿಗೆ ಇದೇ ಮೇಲು. ಆದರೆ ಎಣ್ಣೆಯನ್ನು ಸೋಪಾಗಿಸಲು ಹಾಕುವ ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಗ್ಲೌಸ್, ಕನ್ನಡಕ, ತಕ್ಕಡಿ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡ. ನೀರಿಗೆ ಸೋಡಾ ಹಾಕಿ, ಸೋಡಾಗೆ ನೀರಲ್ಲ!

ಚಿಕ್ಕ ಮಕ್ಕಳಿದ್ದರೆ ಎನ್‌ಜೈಮೇ ಸರಿ. ವಾರವಾರ ಬೋಂಡಾ ಕರಿಯುವ ಮನೆಯಾದರೆ ಸೋಪು ಮಾಡಿ.