ಪತ್ರೊಡೆಗೆ ಯಾವ ಕೆಸು? ನನ್ನ ಓಟು ಮರಕೆಸುವಿಗೆ

ಆಟಿಯಲ್ಲಿ, ಅಂದರೆ ತುಳುವರ ಜಡಿಮಳೆಯ ತಿಂಗಳಲ್ಲಿ, ಮಂಗಳೂರಿನ ಮಾರ್ಕೆಟಿಗೆ ಹೋದರೆ ನಾನು ಮೊದಲು ಕೇಳುವುದು, “ಮರಕೆಸು ಉಂಟಾ ಅಕ್ಕಾ?” ಇಲ್ಲವೆಂದರೆ ಕಪ್ಪು ದಂಟಿನ ಕೆಸು. ಹಸಿರು ದಂಟಿನ ದೊಡ್ಡ ಎಲೆಯನ್ನು ಈಗ ಪುಕ್ಕಟೆ ಕೊಟ್ಟರೂ ಪತ್ರೊಡೆಗೆ, ಅಂದರೆ ಕೆಸುವಿನ ಎಲೆಗೆ ಮಸಾಲೆಯ ಅಕ್ಕಿಹಿಟ್ಟು ಸವರಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವ ತಿಂಡಿಗೆ, ತರುವುದಿಲ್ಲ.

ಕಾರಣ ತುರಿಕೆ. ಹೋದ ಮಳೆಗಾಲದಲ್ಲಿ ರಸ್ತೆ ಬದಿಯಿಂದ ತಂದ ಹಸಿರು ದಂಟಿನ ಎಲೆ ನೋಡಲು ಚೆಂದವೇ ಇತ್ತು. “ತುರಿಸುದಿಲ್ಲ, ಧೈರ್ಯದಲ್ಲಿ ತಕೊಂಡು ಹೋಗಿ” ಎಂದಿದ್ದರು ಮಾರುವವರು. ಎಲೆಯ ಬೆನ್ನಿನ ನಾರು ಹೆರೆಯುವಾಗಲೇ ಬೆರಳ ಸಂದಿ ಚುರುಗುಟ್ಟಿತು. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹಿಟ್ಟಿಗೆ ಇನ್ನಷ್ಟು ಹುಳಿ ಹಾಕಿದೆ. ಹುಳಿ ಜಾಸ್ತಿಯಾಯಿತೆಂದು ಬೆಲ್ಲ. ಬೆಲ್ಲ ಕರಗಿದ್ದೇ ಹಿಟ್ಟು ಸಡಿಲ. ಸಡಿಲ ಹಿಟ್ಟು ಎಲೆಯ ಮೇಲೆ ನಿಲ್ಲದೆ ಸುರುಳಿಯ ಎರಡೂ ತುದಿಯಿಂದ ಜಾರಿತು. ಇಷ್ಟೆಲ್ಲ ಮಾಡಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದರೂ ಎರಡನೇ ತುಂಡಿಗೆ ಅತ್ತೆ ಗಂಟಲು ಹಿಡಿದುಕೊಂಡರು. ಮಗಳು ಮಜ್ಜಿಗೆ ಕುಡಿದು ಎದ್ದು ಹೋದಳು. ಅವಳನ್ನು ಮತ್ತೆ ಪತ್ರೊಡೆಯ ತಟ್ಟೆಗೆ ಕರೆತರಲು ಪಟ್ಟ ಪಾಡು ಬೇಡ ಮಾರಾಯ್ರೆ.

ಕೆಸುವಿನ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಗಂಟಲಿಗೆ ಚುಚ್ಚುವುದು ಅವೇ. ಚೆನ್ನಾಗಿ ಬೇಯಿಸಿ ಹುಳಿ ಸೇರಿಸಿದರೆ ಕಾಟ ತಗ್ಗುತ್ತದೆ ಹೌದು. ಆದರೆ ಎಲೆಯೇ ತುರಿಸುವಂಥದ್ದಾದರೆ ಎಷ್ಟೆಂದು ಹುಳಿ ಸುರಿಯುವುದು?

ಮರಕೆಸು ಹಳೆಯ ಮರಗಳ ಕವಲಿನಲ್ಲಿ, ಪಾಚಿ ಕಟ್ಟಿದ ತೊಗಟೆಯಲ್ಲಿ ಮಳೆ ಬಿದ್ದ ಮೇಲೆ ಚಿಗುರುತ್ತದೆ. ಎಲೆ ತೆಳು, ಹೆರೆಯುವ ಕೆಲಸ ಕಡಿಮೆ. 2 ಲೋಟ ಬೆಳ್ತಿಗೆ (ಕುಸುಬಲು ಅಲ್ಲದ ಬಿಳಿ) ಅಕ್ಕಿಗೆ ನಿಂಬೆ ಗಾತ್ರದ ಹುಳಿ ನಮಗೆ ಸಾಕಾಗುತ್ತದೆ. ಹುಳಿ ಹದದಲ್ಲಿದ್ದರೆ ಕೊತ್ತಂಬರಿ, ಜೀರಿಗೆ, ಕಾಯಿಯ ರುಚಿ ನಾಲಗೆಗೆ ಸಿಗುತ್ತದೆ. ಹಿಟ್ಟು ಗಟ್ಟಿಯಾಗಿಯೇ ಉಳಿಯುವುದರಿಂದ ಸುರುಳಿಯೂ ಬಿಚ್ಚುವುದಿಲ್ಲ. ಬೆಂದದ್ದು ಪೂರ್ತಿ ತಣಿದ ಮೇಲೆಯೇ ಕೊಯ್ಯಬೇಕು. ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಕಾಯಿಸಿದರೆ ಅಂಚು ಗರಿಗರಿ. ಉಳಿದರೆ ಮರುದಿನ ಪುಡಿ ಮಾಡಿ ಬೆಲ್ಲ, ಕಾಯಿತುರಿ ಹಾಕಿ ಒಗ್ಗರಣೆ.

ಬೆಲೆ ಮಾತ್ರ ಕೈ ಸುಡುತ್ತದೆ, ನಾನು ಕೊಟ್ಟದ್ದು ಮಾಮೂಲಿ ಕೆಸುವಿನ ದುಪ್ಪಟ್ಟು. ಸಿಗುವುದೂ ಮಳೆಗಾಲದಲ್ಲಿ ಮಾತ್ರ. ಎಳೆ ಕೆಸುವನ್ನೇ ಮರಕೆಸುವೆಂದು ಕಟ್ಟಿ ಕೊಡುವವರೂ ಇದ್ದಾರೆ. ಹಾಗಾಗಿ ಗುರುತಿನವರ ಹತ್ತಿರವೇ ತರುತ್ತೇನೆ.

ಕಪ್ಪು ದಂಟಿನದು ನಮ್ಮ ಬಾಲ್ಕನಿಯ ಕುಂಡದಲ್ಲೇ ಉಂಟು, ಖರ್ಚಿಲ್ಲ. ತುರಿಕೆ ಹಸಿರು ದಂಟಿನದಕ್ಕಿಂತ ಎಷ್ಟೋ ವಾಸಿ. ಸುರುಳಿ ಸುತ್ತಲು ಪುರುಸೊತ್ತಿಲ್ಲದ ದಿನ ಅದನ್ನು ಸಣ್ಣಗೆ ಹೆಚ್ಚಿ, ಹಿಟ್ಟಿಗೆ ಕಲಸಿ, ಬಾಳೆ ಎಲೆಯಲ್ಲಿ ಮಡಚಿ ಬೇಯಿಸಿಬಿಡುತ್ತೇನೆ.

ತಜಂಕಿನ (ಚಗಟೆ ಸೊಪ್ಪಿನ) ಪತ್ರೊಡೆಯದು ಬೇರೆಯೇ ರುಚಿ, ಈ ಸ್ಪರ್ಧೆಗೆ ಬೇಡ. ಕ್ಯಾಬೇಜಿನದನ್ನು ಪತ್ರೊಡೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾಗಿ ಆಟಿಯಲ್ಲಿ, ಅದೂ ನೆಂಟರು ಬರುವ ಭಾನುವಾರಕ್ಕೆ ಮರಕೆಸು. ಉಳಿದ ದಿನ ಕುಂಡದ ಕಪ್ಪು ದಂಟು. ಕಿಡ್ನಿ ಕಲ್ಲಿನ ತೊಂದರೆಯಿರುವ ಭಾವನವರಿಗೆ ಡಾಕ್ಟರು ಯಾವ ಕೆಸುವೂ ಬೇಡ ಎಂದಿದ್ದಾರೆ, ಅವರು ಬಂದ ದಿನ ನಮ್ಮಲ್ಲಿ ನೀರುದೋಸೆ.