ಹೊಳೆದಂಡೆಗೆ ಕಲ್ಲಿನ ಮೆಟ್ಟಿಲೋ, ಗೇಬಿಯನ್ನೋ?

ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಕಾವೇರಿ ದಡ ಮುಳುಗುತ್ತದೆ. ಇಂಥ ಊರಲ್ಲಿ ತಡೆಗೋಡೆ ಕುಸಿಯುವುದು ಹೆಚ್ಚಾಗಿ ನೆರೆ ಇಳಿಯುವಾಗ: ಹಿಂದಿನ ಮಣ್ಣಲ್ಲಿ ನಿಂತ ನೀರು ಗೋಡೆಯನ್ನು ಹೊಳೆಯತ್ತ ತಳ್ಳುತ್ತದೆ.

ಸ್ನಾನ, ಪಿಂಡಪ್ರದಾನ ನಡೆಯುವ ಕಡೆ ಕಲ್ಲಿನ ಮೆಟ್ಟಿಲೇ ಸರಿ. ಎತ್ತರ 15 ಸೆಂ.ಮೀ., ಅಗಲ ಕನಿಷ್ಠ 30. ಮೇಲ್ಮೈ ಉಳಿ ಹೊಡೆದು ಒರಟಾಗಿರಲಿ. ಪಾಲಿಶ್ ಗ್ರಾನೈಟ್‌ಗೆ ಪಾಚಿ ಹಿಡಿದರೆ ಮುದುಕರು ಬೀಳುತ್ತಾರೆ. ಕೊನೆಯ ಮೆಟ್ಟಿಲ ಬುಡ, ನೀರು ತಳದ ಮಣ್ಣು ಕೊರೆಯುವ ಆಳಕ್ಕಿಂತ ಕೆಳಗಿಳಿಯದಿದ್ದರೆ ಇಡೀ ಸಾಲು ಜಾರುತ್ತದೆ.

ಉಳಿದ ದಂಡೆಗೆ ಗೇಬಿಯನ್, ಅಂದರೆ ಕಲ್ಲು ತುಂಬಿದ ತಂತಿಬಲೆ ಪೆಟ್ಟಿಗೆ, ಸಾಕು. ನೀರು ತಾನೇ ಬಸಿಯುತ್ತದೆ, ನೆಲ ಸ್ವಲ್ಪ ಕುಸಿದರೂ ಬಾಗಿ ನಿಲ್ಲುತ್ತದೆ. ಬಲೆಯ ಕಣ್ಣು 10 ಸೆಂ.ಮೀ. ಇದ್ದರೆ 15–25 ಸೆಂ.ಮೀ. ಕಲ್ಲು ಬೇಕು. ಹಿಂದೆ ಜಿಯೋಟೆಕ್ಸ್‌ಟೈಲ್, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ, ಹಾಸದಿದ್ದರೆ ಮಣ್ಣು ಸೋರಿ ಮೇಲಿನ ಕಾಲುದಾರಿಯಲ್ಲಿ ಹೊಂಡ ಬೀಳುತ್ತದೆ. ತುಂಡಾದ ತಂತಿ ಬರಿಗಾಲು ಕೊಯ್ಯುತ್ತದೆ, ಸ್ನಾನಘಟ್ಟಕ್ಕಂತೂ ಇದು ಬೇಡವೇ ಬೇಡ.