ಮೊದಲ ಆಲ್ಬಂ ಆದ ಮೇಲಿನ ಬೂ ಹಾನ್ಸನ್: ಹನ್ನೆರಡು ವರ್ಷ ಕೇಳಿದ ಮೇಲೆ

ಬೂ ಹಾನ್ಸನ್ ಸ್ವೀಡನ್ನಿನ ಆರ್ಗನ್ ವಾದಕ. ಹೆಸರನ್ನು ಬೋ ಅಂತ ಓದಬೇಡಿ, ಸ್ವೀಡನ್ನಿನವರು ಬೂ ಅಂತಾರೆ. ನಾನೂ ನಾಲ್ಕೈದು ವರ್ಷ ತಪ್ಪಾಗಿಯೇ ಹೇಳಿಕೊಂಡು ಓಡಾಡಿದೆ.

ಈತನ ಹೆಸರು ಎತ್ತಿದರೆ ಎಲ್ಲರೂ ಒಂದೇ ಆಲ್ಬಂ ನೆನೆಸಿಕೊಳ್ಳುತ್ತಾರೆ. 1970ರಲ್ಲಿ ಸೈಲೆನ್ಸ್ ಅನ್ನೋ ರೆಕಾರ್ಡ್ ಕಂಪನಿ ತಂದ, ಟೋಲ್ಕಿನ್‌ನ 'ಲಾರ್ಡ್ ಆಫ್ ದ ರಿಂಗ್ಸ್' ಕಥೆಯನ್ನು ಇಟ್ಟುಕೊಂಡು ಮಾಡಿದ್ದು. 1972ರಲ್ಲಿ ಇಂಗ್ಲಿಷ್ ಹೆಸರು ಹೊತ್ತು ಬ್ರಿಟನ್ನಿಗೆ ಹೋಗಿ ಅಲ್ಲಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 34ನೇ ಸ್ಥಾನದವರೆಗೂ ಬಂತು. ಹಾಡುವವರೇ ಇಲ್ಲದ ಆಲ್ಬಂಗೆ ಅದು ಸಣ್ಣ ವಿಷಯ ಅಲ್ಲ. ನಾನೂ ಅಲ್ಲಿಂದಲೇ ಶುರು ಮಾಡಿದವನು. ಆದರೆ ಈಗ ಅದನ್ನು ವರ್ಷಕ್ಕೆ ಒಂದು ಸಲ ಹಾಕಿದರೆ ಜಾಸ್ತಿ. ಕಥೆ ಗೊತ್ತಿರುವುದರಿಂದ ಪ್ರತಿ ಟ್ಯೂನ್‌ಗೂ ಒಂದು ದೃಶ್ಯ ಅಂಟಿಕೊಂಡುಬಿಟ್ಟಿದೆ. ನನಗೆ ನೋಡೋಕೆ ಏನೂ ಉಳಿದಿಲ್ಲ. ಆಮೇಲಿನ ಆಲ್ಬಂಗಳಲ್ಲಿ ಆ ತೊಂದರೆ ಕಡಿಮೆ.

ಎರಡನೆಯದು 'ಮೆಜಿಶಿಯನ್ಸ್ ಹ್ಯಾಟ್'. ಸ್ವೀಡನ್ನಿನಲ್ಲಿ 1972, ಹೊರಗೆ 1974. ಶುರುವಲ್ಲೇ ದೊಡ್ಡ ಊರಿನ ಬಗ್ಗೆ ಒಂದು ಉದ್ದನೆಯ ಟ್ರ್ಯಾಕ್ ಇದೆ. ಹಾನ್ಸನ್ ಎಲ್ಲಿಂದ ಬಂದವನು ಅನ್ನೋದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅಮೆರಿಕದ ಜ್ಯಾಝ್ ಆರ್ಗನ್ ವಾದಕ ಜ್ಯಾಕ್ ಮೆಕ್‌ಡಫ್‌ನನ್ನು ಸ್ಟಾಕ್‌ಹೋಮ್‌ನಲ್ಲಿ ಕೇಳಿ ಹ್ಯಾಮಂಡ್ ಆರ್ಗನ್ (ವಿದ್ಯುತ್ತಿನ ಕೀಬೋರ್ಡ್ ವಾದ್ಯ) ಹಿಡಿದವನು ಈತ. ಆಮೇಲೆ ಡ್ರಮ್ಮರ್ ಯಾನ್ನೆ ಕಾರ್ಲ್‌ಸನ್ ಜೊತೆ ಬರೀ ಇಬ್ಬರ ತಂಡ ಕಟ್ಟಿದ. ಅವರ 'ಟ್ಯಾಕ್ಸ್ ಫ್ರೀ' ಅನ್ನೋ ಟ್ಯೂನನ್ನು ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತಾನೇ ರೆಕಾರ್ಡ್ ಮಾಡಿದ್ದಾನೆ. ಆ ಹಳೆಯ ಜ್ಯಾಝ್ ಕೈ ಇಲ್ಲಿ ಮತ್ತೆ ಕಾಣುತ್ತದೆ. ಆದರೆ ಇದೇ ಆಲ್ಬಂನಲ್ಲಿ ಪುಟ್ಟ ಪುಟ್ಟ ತುಣುಕುಗಳೂ ಇವೆ. ಅವುಗಳದ್ದೇ ನನ್ನ ದೂರು. ಊಟಕ್ಕೆ ಕೂತ ಕೂಡಲೇ ಎಲೆ ಎತ್ತಿದ ಹಾಗೆ ಮುಗಿದುಹೋಗುತ್ತವೆ.

ನನ್ನ ಹತ್ತಿರ ನಿಜವಾಗಿ ಸವೆದಿರುವುದು 1975ರ 'ಆಟಿಕ್ ಥಾಟ್ಸ್'. ಅಂದ್ರೆ ಅಟ್ಟದ ಯೋಚನೆಗಳು. ಸ್ವೀಡಿಷ್ ಹೆಸರು 'ಮೆಲ್ಲಾನ್‌ವೇಸೆನ್', ನಡುವಿನ ಜೀವಿಗಳು ಅಂತ. ಅತ್ತಲೂ ಸೇರದ, ಇತ್ತಲೂ ಸೇರದ ಜೀವಗಳು. ನನಗೆ ಎರಡು ಹೆಸರೂ ಸರಿ ಅನ್ನಿಸುತ್ತವೆ. ಅಟ್ಟ ಹತ್ತಿದ್ದೀರಲ್ವಾ? ಹಂಚಿನ ಸಂದಿಯಿಂದ ಬೀಳುವ ಒಂದು ಕೋಲು ಬೆಳಕು, ಅದರಲ್ಲಿ ಧೂಳು, ಕೆಳಗೆ ಮನೆಯವರು ಮಾತಾಡುವುದು ಅರ್ಧಂಬರ್ಧ ಕೇಳಿಸುತ್ತಿರುತ್ತದೆ. ಶೀರ್ಷಿಕೆಯ ಟ್ರ್ಯಾಕ್ ನನಗೆ ಹಾಗೇ ಕೇಳಿಸುತ್ತದೆ. ಆರ್ಗನ್ ಆತುರವೇ ಇಲ್ಲದೆ ಹೋಗುತ್ತಿರುತ್ತದೆ, ಅದರ ಮೇಲೆ ಕೆನ್ನಿ ಹೋಕಾನ್‌ಸನ್‌ನ ಗಿಟಾರ್. ಇಲ್ಲಿ ಯಾರೂ ಕೈಚಳಕ ತೋರಿಸೋಕೆ ನಿಂತಿಲ್ಲ. ಅದೇ ಕಾಲದ ಇಂಗ್ಲಿಷ್ ಪ್ರೋಗ್ರೆಸ್ಸಿವ್ ರಾಕ್ ತಂಡಗಳ ಕೀಬೋರ್ಡ್ ಅಬ್ಬರ ಬೇಕಾದವರಿಗೆ ಇದು ಹಿಡಿಸಲ್ಲ. ನಮ್ಮ ಮನೆಯಲ್ಲಿ 'ಹಾಡೋದು ಯಾವಾಗ ಶುರು ಮಾಡ್ತಾನೆ?' ಅಂತ ಇವತ್ತಿಗೂ ಕೇಳುತ್ತಾರೆ.

ಕೇಳುವ ಬಗೆಯೂ ಮುಖ್ಯ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕಾರಿನ ಸ್ಪೀಕರ್‌ಗೆ ಇದನ್ನು ಹಾಕಿ ಪ್ರಯೋಜನ ಇಲ್ಲ. ಮೆಲ್ಲಗಿನ ಭಾಗಗಳು ಹಾರ್ನ್ ಸದ್ದಲ್ಲಿ ಪೂರ್ತಿ ಮುಳುಗುತ್ತವೆ. ರಾತ್ರಿ, ಹೆಡ್‌ಫೋನ್, ಫ್ಯಾನ್ ಸಾಧ್ಯವಾದಷ್ಟು ನಿಧಾನ.

'ಆಟಿಕ್ ಥಾಟ್ಸ್'ನಲ್ಲೇ 'ರ‍್ಯಾಬಿಟ್ ಮ್ಯೂಸಿಕ್' ಅಂತ ಒಂದಿದೆ. ರಿಚರ್ಡ್ ಆಡಮ್ಸ್ ಬರೆದ ಮೊಲಗಳ ಕಾದಂಬರಿ 'ವಾಟರ್‌ಶಿಪ್ ಡೌನ್' ಅದಕ್ಕೆ ಪ್ರೇರಣೆ. ಅದೇ ಬೆಳೆದು 1977ರಲ್ಲಿ ಇಡೀ ಆಲ್ಬಂ ಆಯಿತು. ಸ್ವೀಡನ್ನಿನಲ್ಲಿ ಅದರ ಹೆಸರು 'ಎಲ್-ಅಹ್ರೈರಾ', ಆ ಮೊಲಗಳ ಕಥೆಯೊಳಗೆ ಬರುವ ರಾಜಕುಮಾರನದು. ಹೊರದೇಶದಲ್ಲಿ ಕಾದಂಬರಿಯ ಹೆಸರನ್ನೇ ಹಾಕಿ ಮಾರಿದರು. ಇಲ್ಲೇ ನಾನು ಬೇಸ್ತು ಬಿದ್ದದ್ದು. ಎರಡು ಬೇರೆ ಬೇರೆ ಆಲ್ಬಂ ಅಂದುಕೊಂಡು ಎರಡನ್ನೂ ತರಿಸಿದೆ. ಪಾರ್ಸೆಲ್ ಬಿಚ್ಚಿ ಎರಡನೆಯದನ್ನು ಹಾಕಿದರೆ ಅದೇ ಮೊದಲ ಟ್ರ್ಯಾಕ್ 'ಬಾರ್ನ್ ಆಫ್ ದ ಜೆಂಟಲ್ ಸೌತ್'! ಮಾರಿದವರಿಗೆ ಬರೆದೆ. ಉತ್ತರವೇ ಬರಲಿಲ್ಲ. ತಪ್ಪು ನನ್ನದೇ ಬಿಡಿ. ಹಾನ್ಸನ್‌ನ ಮೊದಲ ನಾಲ್ಕೂ ಆಲ್ಬಂಗಳಿಗೆ ಎರಡೆರಡು ಹೆಸರು. ಕೊಳ್ಳುವ ಮೊದಲು ಟ್ರ್ಯಾಕ್‌ಗಳ ಪಟ್ಟಿ ನೋಡಿಕೊಳ್ಳಿ.

ದುಡ್ಡು ಎರಡು ಸಲ ಹೋದರೂ ಅದರ ಮೇಲೆ ಸಿಟ್ಟಿಲ್ಲ. ಮತ್ತೆ ಕಥೆಗೆ ಮರಳಿದ್ದಾನೆ, ಆದರೆ ಈ ಸಲ ಕಥೆಯ ಬಾಲ ಹಿಡಿದು ಓಡುವುದಿಲ್ಲ. ಆ ಉದ್ದನೆಯ ಮೊದಲ ಟ್ರ್ಯಾಕ್ ಒಂದಕ್ಕೇ ಕೊಳ್ಳಬಹುದು. ಕೊನೆಕೊನೆಗೆ ಸ್ವಲ್ಪ ಎಳೆದಂತೆ ಅನ್ನಿಸುತ್ತದೆ.

ಆಮೇಲೆ ಎಂಟು ವರ್ಷ ಬಿಟ್ಟು 1985ರಲ್ಲಿ 'ಮಿಟ್ ಈ ಲೀವೆಟ್' ಬಂತು, ಬದುಕಿನ ನಡುವೆ ಅಂತ ಅರ್ಥ. ಮೂರು ಸಲ ಪೂರ್ತಿ ಕೇಳಿದ್ದೇನೆ. ನನಗೆ ಹತ್ತಲಿಲ್ಲ. 2010ರಲ್ಲಿ, 67ನೇ ವಯಸ್ಸಿನಲ್ಲಿ ಹಾನ್ಸನ್ ತೀರಿಕೊಂಡ ಅಂತ ಗೊತ್ತಾದ ದಿನ ನಾಲ್ಕನೇ ಸಲ ಹಾಕಿದೆ. ಅರ್ಧಕ್ಕೆ ನಿಲ್ಲಿಸಿ 'ಆಟಿಕ್ ಥಾಟ್ಸ್' ಹಾಕಿಕೊಂಡೆ.

ಹೊಸಬರು ಅದರಿಂದಲೇ ಶುರು ಮಾಡಿ. ಮೊಲದ ಆಲ್ಬಂನ ಎರಡನೇ ಪ್ರತಿ ಇನ್ನೂ ನನ್ನ ಹತ್ತಿರವೇ ಇದೆ. ಒಂದೇ ಸಲ ಹಾಕಿದ್ದು, ಗೀರು ಬಿದ್ದಿಲ್ಲ.